ಆಡು ಮುಟ್ಟದ ಸೊಪ್ಪೂ ಇದೆ, ಮೇಡಂ

ಮಣಿಪಾಲದಿಂದ ನಿವೃತ್ತ ಟೀಚರ್ ಒಬ್ಬರು ಬರೆದಿದ್ದಾರೆ: 'ಮನೆ ಹತ್ತಿರದ ಪಾರ್ಕಿನ ಇಳಿಜಾರಿನಲ್ಲಿ ಲಂಟಾನ ಕಳೆ ತುಂಬಿಹೋಗಿದೆ. ನ್ಯೂಯಾರ್ಕಿನಲ್ಲಿ ಪಾರ್ಕಿನ ಕಳೆ ಮೇಯಲು ಆಡು ಬಿಟ್ಟರಂತೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ. ನಾವೂ ಯಾಕೆ ಬಿಡಬಾರದು?'

ಮೇಡಂ, ನೀವು ಕೇಳಿದ ಸುದ್ದಿ ನಿಜ. 2019ರಲ್ಲಿ ಅಲ್ಲಿನ ರಿವರ್‌ಸೈಡ್ ಪಾರ್ಕಿಗೆ 24 ಆಡು ಬಿಟ್ಟಿದ್ದರು. ಜನ ನಿಂತು ಕೆಲಸ ಮಾಡಲು ಕಷ್ಟವಾದ ಇಳಿಜಾರು ಅದು. ತಾಗಿದರೆ ನಮ್ಮ ಮೈಯೆಲ್ಲ ತುರಿಸುವ ಪಾಯ್ಸನ್ ಐವಿ ಬಳ್ಳಿಯನ್ನೂ ಆಡು ಆರಾಮವಾಗಿ ತಿನ್ನುತ್ತದೆ.

ಲಂಟಾನದ ಕಥೆ ಬೇರೆ. ಹೂ ಚಂದ ಅಂತ ಬ್ರಿಟಿಷರು 1800ರ ನಂತರ ತಂದ ಗಿಡ ಇದು. ಎಲೆಯಲ್ಲಿರುವ ವಿಷ ತಿಂದ ಆಡಿನ ಲಿವರ್ ಕೆಡಿಸುತ್ತದೆ. ಆಮೇಲೆ ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗುತ್ತದೆ. ಚಿಕ್ಕಂದಿನಲ್ಲಿ ನಮ್ಮ ಹಟ್ಟಿಯ ಆಡೊಂದು ಮೇವಿಲ್ಲದ ದಿನಗಳಲ್ಲಿ ಇದನ್ನು ತಿಂದಿತ್ತು. ಕಣ್ಣು ಅರಿಶಿನದ ಹಾಗೆ ಹಳದಿ. ಮೂತಿ, ಕಿವಿಯ ಚರ್ಮ ಬಿರಿದು ಸುಲಿಯುತ್ತಿತ್ತು. ಹಟ್ಟಿಯ ಕತ್ತಲೆ ಮೂಲೆ ಬಿಟ್ಟು ಹೊರಗೆ ಬರಲೇ ಇಲ್ಲ. ನಾಲ್ಕನೇ ದಿನ ಸತ್ತಿತು. ಅದನ್ನು ನೋಡಿದವನಿಗೆ ನಿಮ್ಮ ಮಾತಿಗೆ ಹೂಂ ಅನ್ನಲು ಮನಸ್ಸು ಬರುವುದಿಲ್ಲ.

ಬೇರೆ ಹಸಿರು ಇದ್ದರೆ ಆಡು ಸಾಮಾನ್ಯವಾಗಿ ಲಂಟಾನಕ್ಕೆ ಬಾಯಿ ಹಾಕುವುದೂ ಇಲ್ಲ. ಮೊದಲು ಮುಗಿಯುವುದು ನೀವು ವನಮಹೋತ್ಸವಕ್ಕೆ ನೆಟ್ಟ ನೇರಳೆ, ಹಲಸಿನ ಸಸಿ! ಕಮ್ಯುನಿಸ್ಟ್ ಗಿಡ ಅನ್ನುವ ಇನ್ನೊಂದು ಕಳೆಯ ಕಥೆಯೂ ಹೆಚ್ಚುಕಡಿಮೆ ಇದೇ. ನಮ್ಮ ಮಳೆ ಬೇರೆ ಇದೆ ಅಲ್ವಾ? ಕಳೆ ಜಾಸ್ತಿ ಬೆಳೆಯುವ ಆ ನಾಲ್ಕು ತಿಂಗಳು ಆಡಿಗೆ ಹೊರಗೆ ಕಾಲಿಡಲೇ ಬೇಸರ. ಒದ್ದೆ ನೆಲದಲ್ಲಿ ಗೊರಸೂ ಕೊಳೆಯುತ್ತದೆ.

ಹಾಗಾದರೆ ಏನು ಮಾಡುವುದು? ಲಂಟಾನವನ್ನು ಮೇಲಿಂದ ಸವರಿದರೆ ಸುಮ್ನೆ ದಂಡ. ಎರಡರಷ್ಟು ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿಯಬೇಕು. ಚಿಗುರೊಡೆಯುವ ಭಾಗ ಕಡಿಯುವ ಜಾಗಕ್ಕಿಂತ ಮೇಲೆಯೇ ಇರುವುದು. ಕಿತ್ತ ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಲು ಬಿಡಬೇಕು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು. ಇಲ್ಲದಿದ್ದರೆ ಪಿಕಳಾರ ಹಕ್ಕಿ ತಿಂದು ಊರೆಲ್ಲ ಬಿತ್ತುತ್ತದೆ. ಮರುವರ್ಷ ಏಳುವ ಸಸಿಗಳನ್ನು ಕೈಯಲ್ಲೇ ಕೀಳಬಹುದು. ಎರಡು ಮೂರು ವರ್ಷ ಬಿಡದೆ ಹಿಂದೆ ಬೀಳಬೇಕು.

ಆಡು ಬೇಡವೇ ಬೇಡ ಅಂತಲ್ಲ. ಲಂಟಾನ ಹೋದ ಜಾಗದಲ್ಲಿ ಹುಲ್ಲು, ಬಳ್ಳಿ ಎದ್ದಾಗ, ದೀಪಾವಳಿ ಕಳೆದ ಮೇಲೆ, ಸಸಿಗಳಿಗೆ ಬೇಲಿ ಕಟ್ಟಿ, ಕಾಯುವವರನ್ನು ಜೊತೆಗಿಟ್ಟು ನಾಲ್ಕು ಆಡು ಮೇಯಿಸಿ ನೋಡೋಣ. ಕಾಯುವವರಿಗೆ ದಿನದ ಕೂಲಿ ಕೊಡಲೇಬೇಕು.

ಮೊದಲ ಮಳೆಗೆ ಮಣ್ಣು ಮೆತ್ತಗಾಗುತ್ತದೆ. ಆಗ ಒಂದು ಭಾನುವಾರ ಗೊತ್ತು ಮಾಡಿ, ಪಾರ್ಕಿನವರ ಒಪ್ಪಿಗೆಯನ್ನೂ ಕೇಳಿಡಿ. ಹಾರೆ, ಕತ್ತಿ ಹಿಡಿದು ನಾನೂ ಬರುತ್ತೇನೆ.

-ಸಂ.