ಆ 1348 ಜೋಳದ ಸೇರಲ್ಲ, ತಮ್ಮಾ

ತಮ್ಮಾ, ನೀನು ಹಾಕಿದ ನಿಮ್ಮಜ್ಜನ ಉರ್ದು ಕಾಗದದ ಫೋಟೋ ನೋಡಿದೆ. ಯಾರ ಹತ್ತಿರವೋ ‘ಫಸಲಿ 1348’ ಅಂತ ಓದಿಸಿ, ‘ಆ ವರ್ಷ ಫಸಲು 1348 ಸೇರು ಬಂದಿತ್ತು’ ಅಂತ ಬರೆದಿದ್ದೀಯ. ಕೆಳಗೆ ಇನ್ನೊಬ್ಬರು ‘ಅದು ಹಿಜರಿ (ಮುಸ್ಲಿಮರ ವರ್ಷದ ಲೆಕ್ಕ), ಅಂದ್ರೆ 1929’ ಅಂದಿದ್ದಾರೆ. ಎರಡೂ ತಪ್ಪು, ಫಸಲಿ ಅಂದ್ರೆ ಕಂದಾಯಕ್ಕೆ ಇಟ್ಟ ಬೇರೆಯೇ ವರ್ಷದ ಲೆಕ್ಕ. ನನಗೆ ನಗು ಬರಲಿಲ್ಲ, ಈ ಎರಡೂ ತಪ್ಪನ್ನು ಒಂದರ ಹಿಂದೆ ಒಂದು ನಾನೇ ಮಾಡಿದ್ದೇನೆ.

ನಮ್ಮದು ರಾಯಚೂರು ಕಡೆ. ಅಜ್ಜನ ಖರೀದಿ ಕಾಗದದಲ್ಲಿ 1341 ಅಂತಿತ್ತು. ಮೊದಲು ಜೋಳದ ಲೆಕ್ಕ ಅಂದುಕೊಂಡೆ. ಆಮೇಲೆ ಹಿಜರಿ ಅಂತ ಹಿಡಿದು, 1922ರಲ್ಲಿ ಹೊಲ ಕೊಂಡರು ಅಂತ ವಂಶಾವಳಿ ಅಚ್ಚು ಹಾಕಿಸಿ ಊರೆಲ್ಲ ಹಂಚಿದೆ. ಸೋದರತ್ತೆ ನೋಡಿ, ‘ನಮ್ಮಪ್ಪ ಹುಟ್ಟಿದ್ದು 1908ರಾಗ. ಹದಿನಾಲ್ಕು ವರ್ಷಕ್ಕ ಎಂಟು ಎಕರೆ ಕೊಂಡ್ನೇನು? ಆಗ ದನ ಕಾಯ್ತಿದ್ದ’ ಅಂದರು. ಮುಖ ಎಲ್ಲಿಟ್ಟುಕೊಳ್ಳಲಿ?

ವಿಷಯ ಇಷ್ಟು. ಅರಬ್ಬಿಯ ‘ಫಸ್ಲ್’ ಅಂದ್ರೆ ಬೇರ್ಪಡಿಸುವುದು, ತುಂಡು ಮಾಡುವುದು. ಪುಸ್ತಕವನ್ನು ತುಂಡು ಮಾಡಿದರೆ ಅಧ್ಯಾಯ, ವರ್ಷವನ್ನು ಮಾಡಿದರೆ ಋತು. ಅಲ್ಲಿ ಶಾಲೆಯ ತರಗತಿಯೂ ಫಸ್ಲೇ, ಕೆಲಸದಿಂದ ತೆಗೆಯುವುದೂ ಫಸ್ಲೇ. ಪಾರ್ಸಿಯಲ್ಲಿ ಋತು, ಅಧ್ಯಾಯ ಎರಡೂ ಉಳಿದವು. ತುರ್ಕರು ‘ಫಾಸಿಲ್’ ಅಂತ ಒಂದೇ ಮಕಾಮಿನ (ನಮ್ಮ ರಾಗ ಇದ್ದಂಗೆ) ಹಾಡು-ವಾದನದ ಸರಣಿಗೂ ಅನ್ನುತ್ತಾರೆ. ಇಂಡೊನೇಷ್ಯಾದಲ್ಲಿ ‘ಪಸಲ್’ ಅಂದ್ರೆ ಕಾಯ್ದೆಯ ಕಲಮು. ನಮ್ಮ ಕಡೆಗೆ ಬರುವಾಗ ಋತುವಿನಿಂದ ಆ ಋತುವಿನಲ್ಲಿ ಕೈಗೆ ಬರುವ ಬೆಳೆಗೆ ಜಾರಿತು. ಉರ್ದು, ಹಿಂದಿ, ಬಂಗಾಳಿ, ಕನ್ನಡ, ಎಲ್ಲದರಲ್ಲೂ ಬೆಳೆಯೇ. ಹಾಗಂತ ‘ಅರಬ್ಬಿಯಲ್ಲಿ ಆ ಅರ್ಥ ಇಲ್ಲ, ನಮ್ಮ ಫಸಲು ತಪ್ಪು’ ಅಂತ ಯಾರೂ ವಾದಕ್ಕೆ ಬರಬೇಡಿ, ಸುಮ್ನೆ ತಲೆನೋವು.

ಫಸಲಿ ಅನ್ನುವುದು ಬೆಳೆಗೆ ಕಟ್ಟಿದ ವರ್ಷ. ಹಿಜರಿ ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಜೋಳ ಚಂದ್ರನ ಮಾತು ಕೇಳಲ್ಲ ಅಲ್ವಾ? ಕಂದಾಯದ ತಾರೀಕು ಬರುತ್ತೆ, ಕಣದಲ್ಲಿ ಕಾಳಿರಲ್ಲ. ಅದಕ್ಕೇ ಅಕ್ಬರನ ಕಾಲದಲ್ಲಿ ಉತ್ತರದಲ್ಲಿ ಸೂರ್ಯನ ಲೆಕ್ಕ ತಂದರು. ದಖನಿಗೆ ಬಂದದ್ದು ಶಹಜಹಾನನ ಕಾಲದಲ್ಲಿ, 1636ರಲ್ಲಿ. ಆಗ ಎರಡೂ ಲೆಕ್ಕದಲ್ಲಿ 1046. ಅಲ್ಲಿಂದ ಹಿಜರಿ ಮುಂದೆ ಓಡಿತು, ಫಸಲಿ ಹೊಲದಲ್ಲೇ ನಿಂತಿತು.

ಆದ್ದರಿಂದ 590 ಕೂಡಿಸು. ನಿನ್ನ 1348 ಅಂದ್ರೆ 1938-39. ನನ್ನ 1341 ಅಂದ್ರೆ 1931-32, ಅಜ್ಜನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ, ಅತ್ತೆಗೂ ಸಮಾಧಾನ. ಒಂದು ಎಚ್ಚರ: ನಮ್ಮ ರಾಯಚೂರು ಇದ್ದ ನಿಜಾಮರ ಸೀಮೆಯಲ್ಲಿ ಕೊನೆಕೊನೆಗೆ ವರ್ಷ ಶುರುವಾಗುತ್ತಿದ್ದುದು ಅಕ್ಟೋಬರಿನ ಆಜುರ್ ತಿಂಗಳಿಂದ. ಬಳ್ಳಾರಿ, ಮಂಗಳೂರು ಮದರಾಸಿನ ಕೈಯಲ್ಲಿದ್ದವು, ಅಲ್ಲಿ ಜುಲೈ 1ರಿಂದ. ಕಾಗದದ ತಾರೀಕು ಜನವರಿ 1 ಅಥವಾ ಅದರಿಂದ ಈಚೆಯದಾದರೆ 591 ಕೂಡಿಸಬೇಕು. ಇನ್ನೊಂದು: ಉತ್ತರ ಹಿಂದುಸ್ತಾನದ ಫಸಲಿಗೆ ಈ 590 ನಡೆಯಲ್ಲ, ಅಲ್ಲಿ ಎರಡು-ಮೂರು ಜಾಸ್ತಿ.

ಅನುಮಾನ ಬಂದರೆ ನಾನು ನೋಡುವುದು ಅಂಕಿಯ ಎಡಪಕ್ಕದ ಗುರುತು. ಒಂದು ಸಣ್ಣ ಸುರುಳಿ, ತಲೆ ಮೇಲೆ ಒಂದು ಚುಕ್ಕೆ, ಬಾಲ ಎಡಕ್ಕೆ ಎಳೆದದ್ದು: ಅದು ‘ಫೆ’, ಅಂದ್ರೆ ಫಸಲಿ. ಎರಡು ಕಣ್ಣಿನ ‘ಹೆ’ ಇದ್ದರೆ ಹಿಜರಿ. ನಾನು ಆ ಚುಕ್ಕೆಯನ್ನು ಮಸಿ ಬಿದ್ದದ್ದು ಅಂತ ಬೆರಳಲ್ಲಿ ಉಜ್ಜಿದ್ದೆ! ತಿಂಗಳ ಹೆಸರೂ ಗುಟ್ಟು ಬಿಡುತ್ತೆ. ದೈ, ಬಹಮನ್, ಖುರ್ದಾದ್ ಬಂದರೆ ಫಸಲಿ. ಮೊಹರಂ, ರಂಜಾನ್ ಬಂದರೆ ಹಿಜರಿ. ಕೆಲವದರಲ್ಲಿ ಎರಡೂ ಇರುತ್ತವೆ, ಆಗ ಖುಷಿಪಡು, ಲೆಕ್ಕ ತಾಳೆ ನೋಡಬಹುದು. ಫೋನಿನ ತಾರೀಕು ಬದಲಿಸುವ ಆ್ಯಪ್ ನಂಬಬೇಡ, ನನ್ನ ಮಾನ ಕಳೆದದ್ದೇ ಅದು. ಕಾಗದ-ಪೆನ್ಸಿಲ್ ಸಾಕು, ಅಪ್ಸರಾ ಆದರೆ ಇನ್ನೂ ಒಳ್ಳೇದು. ಜೆಲ್ ಪೆನ್ ಹಳೇ ಕಾಗದದ ಹತ್ತಿರವೂ ತರಬೇಡ.

ಅದೇ ಕಾಗದದಲ್ಲಿ ಈ ‘ಫಸ್ಲ್’ ಪದದ ಮನೆಮಂದಿಯೇ ಸಿಗಬಹುದು, ಗಾಬರಿಯಾಗಬೇಡ. ತಪಶೀಲು ಅಂದ್ರೆ ಬಿಡಿಸಿ ಹೇಳಿದ ವಿವರ. ಖರೀದಿ ಪತ್ರದಲ್ಲಿ ಚೆಕ್ಕುಬಂದಿ (ಹೊಲದ ನಾಲ್ಕು ದಿಕ್ಕಿನ ಎಲ್ಲೆ) ಇರುವುದು ಅಲ್ಲೇ, ಮೊದಲು ಅದನ್ನು ಓದಿಸು. ಫೈಸಲು ಅಂದ್ರೆ ವ್ಯಾಜ್ಯ ತುಂಡು ಮಾಡಿದ್ದು. ಊರ ಬಸ್ಸಿನ ಮೇಲೆ ಬರೆಯುವ ಮೊಫಸಿಲ್ ಕೂಡ ಇದೇ ಬಳ್ಳಿ. ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ‘ತಫಸಿಲಿ’ ಅನ್ನುತ್ತಾರೆ, ಪಟ್ಟಿಯಲ್ಲಿ ಬಿಡಿಸಿ ಬರೆದದ್ದು ಅನ್ನುವ ಅರ್ಥದಲ್ಲಿ.

ಇನ್ನು ಬೈಯ್ಯೋದು ಬಾಕಿ ಇದೆ. ಫೋಟೋದಲ್ಲಿ ಮಡಿಕೆ ಮೇಲೆ ಹೊಳೆಯುತ್ತಿರುವುದು ಸೆಲ್ಲೋಟೇಪ್ ಅಲ್ವಾ? ಅದು ಹಳದಿಯಾಗಿ ಅಕ್ಷರ ತಿನ್ನುತ್ತೆ. ಕಿತ್ತೆಳೆಯಬೇಡ, ಹಾಗೇ ಬಿಡು. ಲ್ಯಾಮಿನೇಷನ್ ಅಂಗಡಿಗಂತೂ ಹೋಗಲೇಬೇಡ. ಕೋರ್ಟಿಗೆ, ಮ್ಯುಟೇಷನ್ನಿಗೆ ಬೇಕಿದ್ದರೆ ನನ್ನ ಲೆಕ್ಕ ನಡೆಯಲ್ಲ, ಅಧಿಕೃತ ಅನುವಾದವೇ ಬೇಕು.

ಕಾಗದದ ಹಿಂಬದಿಯ ಫೋಟೋನೂ ಹಾಕು, ಬೆಳಗಿನ ಬಿಸಿಲಲ್ಲಿ, ಫ್ಲ್ಯಾಷ್ ಇಲ್ಲದೆ. ಮೊಹರಿನ ಪಕ್ಕ ತಿಂಗಳ ಹೆಸರು ಸಿಕ್ಕರೆ 590ಓ 591ಓ ಅಂತ ಹೇಳ್ತೀನಿ.