ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ನಂಬಬಹುದೇ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಇಂಟೆಲ್ ಐ5-12400ಎಫ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿ ಹೊಸ ಕಂಪ್ಯೂಟರ್ ಜೋಡಿಸುತ್ತಿದ್ದೀರಿ. ಅಂಗಡಿಯವರು ಕ್ಯಾಬಿನೆಟ್ ಜೊತೆ 500 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಕೊಡುತ್ತೇವೆ, ಇದೇ ಸಾಕು ಅಂದಿದ್ದಾರೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬ. ಅದು ಒಳ್ಳೆಯದೋ ಅಲ್ಲವೋ ಗೊತ್ತು ಮಾಡಿಕೊಳ್ಳುವುದು ಹೇಗೆ?

ನಾನು ಶಿವಮೊಗ್ಗದಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ಯಾಬಿನೆಟ್ ಇಷ್ಟವಾದರೆ ತಗೊಳ್ಳಿ, ಆ ಎಸ್‌ಎಂಪಿಎಸ್ ಮಾತ್ರ ಬೇಡ ಅನ್ನಿ.

ನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ, ಡಿಟಿಪಿ ಅಂಗಡಿಯವರೊಬ್ಬರು ಸಿಪಿಯು ಹೊತ್ತುಕೊಂಡು ಬಂದರು. ಕರೆಂಟ್ ಹೋಗಿ ಬಂದ ಕೂಡಲೇ ಟಪ್ ಅಂತ ಸದ್ದಾಗಿ ಸುಟ್ಟ ವಾಸನೆ ಬಂತಂತೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅದರ ಜೊತೆ ಮದರ್‌ಬೋರ್ಡ್ ಸುಟ್ಟಿತ್ತು, ಹಾರ್ಡ್ ಡಿಸ್ಕ್ ಕೂಡ ಸುಟ್ಟಿತ್ತು. ಆ ಡಿಸ್ಕಿನಲ್ಲಿ ಎಂಟು ವರ್ಷದ ನುಡಿ ಫೈಲುಗಳಿದ್ದವು. ಲಗ್ನಪತ್ರಿಕೆ, ಕರಪತ್ರ, ಊರಿನ ಶಾಲೆಯ ಸ್ಮರಣ ಸಂಚಿಕೆ, ಎಲ್ಲವೂ. ಬ್ಯಾಕಪ್ ಇರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ತುಂಬಾ ಹೊತ್ತು ಮಾತೇ ಆಡಲಿಲ್ಲ. ಆ ಎಸ್‌ಎಂಪಿಎಸ್ ಕೂಡ ಕ್ಯಾಬಿನೆಟ್ ಜೊತೆ ಬಂದದ್ದೇ.

ಒಳ್ಳೆಯ ಎಸ್‌ಎಂಪಿಎಸ್ ಕೂಡ ಒಂದಲ್ಲ ಒಂದು ದಿನ ಕೆಡುತ್ತದೆ. ಆದರೆ ಸಾಮಾನ್ಯವಾಗಿ ಅದು ತಾನೊಂದೇ ಕೆಡುತ್ತದೆ, ಉಳಿದ ಭಾಗಗಳನ್ನು ಸುಡುವುದಿಲ್ಲ. ನಾನು ಗುಣಮಟ್ಟ ಅನ್ನುವುದು ಮೊದಲಿಗೆ ಇದನ್ನೇ.

ಈಗ ಅಂಗಡಿಯಲ್ಲಿ ನಿಂತು ಏನು ನೋಡಬೇಕು ಹೇಳುತ್ತೇನೆ. ದೊಡ್ಡ ಅಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆ ಬಿಡಿ. ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಇರುತ್ತದೆ, ಒಂದೊಂದರ ಕೆಳಗೂ ಎಷ್ಟು ಆಂಪಿಯರ್ ಅಂತ ಇರುತ್ತದೆ. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನಿಂದಲೇ ಎಳೆಯುತ್ತವೆ. ಹಾಗಾಗಿ ಆ ಒಂದು ಅಂಕಿ ಮುಖ್ಯ. ನನ್ನ ಮೇಜಿನ ಮೇಲೆ ಈಗ 450 ವ್ಯಾಟ್ ಎಂದು ಬರೆದ ಒಂದು ಹಳೆಯ ಡಬ್ಬ ಇದೆ. 12 ವೋಲ್ಟಿಗೆ 16 ಆಂಪಿಯರ್ ಅಂತ ಇದೆ. ಗುಣಿಸಿ ನೋಡಿ, 192 ವ್ಯಾಟ್. ಉಳಿದದ್ದು 3.3 ಮತ್ತು 5 ವೋಲ್ಟಿನ ಲೆಕ್ಕದಲ್ಲಿ ಸೇರಿಸಿದ್ದು. ನಿಮ್ಮ ಕಂಪ್ಯೂಟರಿಗೆ ಅದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರುವುದಿಲ್ಲ. ಸರಿಯಾದ 550 ವ್ಯಾಟಿನ ಲೇಬಲ್ಲಿನಲ್ಲಿ 12 ವೋಲ್ಟಿಗೆ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಕೆಲವು ಕಡೆ 12ವಿ1, 12ವಿ2 ಅಂತ ಎರಡು ಇರುತ್ತವೆ. ಅವನ್ನು ಸುಮ್ನೆ ಕೂಡಿಸಬೇಡಿ. ಕೆಳಗೆ ಎರಡಕ್ಕೂ ಸೇರಿ ಒಟ್ಟು ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ, ಅದನ್ನೇ ನಂಬಿ.

ನಿಮ್ಮ ಲೆಕ್ಕ ಹೀಗೆ. ಪ್ರೊಸೆಸರ್ ಪೂರ್ತಿ ಓಡುವಾಗ 117 ವ್ಯಾಟ್. 4060 ಕಾರ್ಡಿಗೆ 115 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ ಇನ್ನೊಂದು ಐವತ್ತು ಅರವತ್ತು. 300 ದಾಟುವುದು ಕಷ್ಟ. 4060ರ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ 550 ವ್ಯಾಟ್ ಹಾಕಿ ಅನ್ನುವುದು ಕಾರ್ಡ್ ಕ್ಷಣಮಾತ್ರ ಜಾಸ್ತಿ ಎಳೆಯುವುದನ್ನೂ ಲೆಕ್ಕಕ್ಕೆ ತಗೊಂಡು. ಆದ್ದರಿಂದ ನಿಮಗೆ 750 ವ್ಯಾಟ್ ಬೇಡ. ನಿಜವಾದ 550 ಸಾಕು.

ಇನ್ನು 80 ಪ್ಲಸ್ ಗುರುತು. ಜನ ಎಡವುವುದು ಜಾಸ್ತಿ ಇಲ್ಲೇ. ಬ್ರಾಂಜ್, ಗೋಲ್ಡ್, ಪ್ಲಾಟಿನಂ ಅಂದರೆ ಗೋಡೆಯಿಂದ ತಗೊಂಡ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಸೇರುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅನ್ನುವ ಲೆಕ್ಕ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಜ್ ನೂರಕ್ಕೆ 85 ಕೊಡಬೇಕು, ಗೋಲ್ಡ್ 90 ಕೊಡಬೇಕು. ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇ ತಿಂಗಳಲ್ಲಿ ರಾಯಚೂರಿನ ಕೋಣೆಯಲ್ಲಿಟ್ಟ ಕ್ಯಾಬಿನೆಟ್ಟಿನ ಒಳಗಿನ ಸೆಕೆಗೂ ಇದಕ್ಕೂ ಸಂಬಂಧವೇ ಇಲ್ಲ. ವೋಲ್ಟೇಜ್ ಎಷ್ಟು ಸ್ಥಿರವಾಗಿದೆ, ರಕ್ಷಣೆಯ ಸರ್ಕ್ಯೂಟ್ ಸರಿಯಾದ ಹೊತ್ತಿಗೆ ಆಫ್ ಮಾಡುತ್ತದೋ ಇಲ್ಲವೋ, ಇದ್ಯಾವುದನ್ನೂ ಆ ಗುರುತು ಹೇಳುವುದಿಲ್ಲ.

ಗಿಗಾಬೈಟ್ ಕಂಪನಿಯ ಪಿ750ಜಿಎಂ ಮತ್ತು ಪಿ850ಜಿಎಂ ವಿಷಯ ನೆನಪಿರಬಹುದು. ಎರಡಕ್ಕೂ ಗೋಲ್ಡ್ ಗುರುತು ಇತ್ತು. ಆದರೂ ವಿಮರ್ಶಕರ ಪರೀಕ್ಷೆಯಲ್ಲಿ ಕೆಲವು ಸಿಡಿದವು. ಹೆಚ್ಚು ಲೋಡ್ ಬಿದ್ದಾಗ ತಾನೇ ಆಫ್ ಆಗುವ ಮಿತಿಯನ್ನು ಅವುಗಳಲ್ಲಿ 120ರಿಂದ 150 ಶೇಕಡದವರೆಗೆ ಇಟ್ಟಿದ್ದರು. 2021ರ ಆಗಸ್ಟ್‌ನಲ್ಲಿ ಕಂಪನಿ ಆ ಮಿತಿಯನ್ನು 110ರಿಂದ 120 ಶೇಕಡಕ್ಕೆ ಇಳಿಸಿ, ಹಳೆಯವನ್ನು ಬದಲಾಯಿಸಿಕೊಡುವುದಾಗಿ ಪ್ರಕಟಣೆ ಕೊಟ್ಟಿತು. ಹಾಗಂತ ಗುರುತೇ ಇಲ್ಲದ್ದನ್ನು ತಗೊಳ್ಳಿ ಅಂತಲ್ಲ. ಗುರುತು ಇಲ್ಲದಿದ್ದರೆ ನಾನು ಕೈಗೂ ತಗೊಳ್ಳುವುದಿಲ್ಲ. ಇದ್ದರೆ ಆಮೇಲೆ ನಿಜವಾದ ವಿಚಾರಣೆ ಶುರು.

ಆ ವಿಚಾರಣೆ ಅಂಗಡಿಯಲ್ಲಿ ಮಾಡಲಾಗದು. 12 ವೋಲ್ಟ್ ಎಂದರೆ 11.4ರಿಂದ 12.6ರ ಒಳಗೆ ಇರಬೇಕು, ಅಂದರೆ ಐದು ಶೇಕಡ ಆಚೆ ಈಚೆ. ಅದರ ಮೇಲೆ ಸಣ್ಣ ಅಲೆಗಳು ಇರುತ್ತವೆ, ರಿಪಲ್ ಅನ್ನುತ್ತೇವೆ. 12 ವೋಲ್ಟಿನಲ್ಲಿ ಅದು 120 ಮಿಲಿವೋಲ್ಟ್ ದಾಟಬಾರದು, 5 ಮತ್ತು 3.3ರಲ್ಲಿ 50 ದಾಟಬಾರದು. ಒಳ್ಳೆಯವುಗಳಲ್ಲಿ ಇದರ ಅರ್ಧವೂ ಇರುವುದಿಲ್ಲ. ರಿಪಲ್ ಜಾಸ್ತಿ ಇದ್ದರೆ ಮದರ್‌ಬೋರ್ಡಿನ ಕೆಪಾಸಿಟರುಗಳು (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳು) ದಿನವೂ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಎರಡು ವರ್ಷ ಆದ ಮೇಲೆ ಕಂಪ್ಯೂಟರ್ ಕಾರಣವಿಲ್ಲದೆ ರೀಸ್ಟಾರ್ಟ್ ಆಗತೊಡಗುತ್ತದೆ, ಎಲ್ಲರೂ ವಿಂಡೋಸ್ ಮೇಲೆ ತಪ್ಪು ಹೊರಿಸುತ್ತಾರೆ. ಇದನ್ನು ಅಳೆಯಲು ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್ ಬೇಕು, ಪೂರ್ತಿ ಲೋಡ್ ಹಾಕುವ ಯಂತ್ರ ಬೇಕು. ಅವು ಇರುವವರು ಅಳೆದು ಬರೆದದ್ದನ್ನು ಓದುವುದೇ ದಾರಿ. ಸೈಪ್ರಸ್ ದೇಶದ ಸೈಬೆನೆಟಿಕ್ಸ್ ಎಂಬ ಪ್ರಯೋಗಾಲಯ ತನ್ನ ವರದಿಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಖರೀದಿಗೆ ಮೊದಲು ನಾನು ಅಲ್ಲಿ ನೋಡುತ್ತೇನೆ.

ನೋಡುವಾಗ ಪೂರ್ತಿ ಮಾಡೆಲ್ ಹೆಸರು ಹಾಕಿ. ಬ್ರ್ಯಾಂಡ್ ಹೆಸರು ಸಾಲದು. ಕೋರ್ಸೇರ್‌ನಂಥ ಕಂಪನಿಗಳು ತಾವೇ ತಯಾರಿಸುವುದಿಲ್ಲ, ಚಾನೆಲ್ ವೆಲ್, ಗ್ರೇಟ್ ವಾಲ್ ಮುಂತಾದವರಿಂದ ಮಾಡಿಸುತ್ತವೆ. ಒಂದೇ ಸರಣಿಯ ಹೆಸರಿನಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಒಳಭಾಗ ಬಂದದ್ದುಂಟು. ಸೀಸಾನಿಕ್ ಹೆಚ್ಚಾಗಿ ತನ್ನದನ್ನು ತಾನೇ ತಯಾರಿಸುತ್ತದೆ. ಆದರೂ ಪ್ರತಿ ಮಾಡೆಲ್ಲನ್ನೂ ಬೇರೆಯಾಗಿಯೇ ನೋಡಬೇಕು.

ವರದಿಯಲ್ಲಿ ನಮ್ಮ ಊರುಗಳಿಗೆ ಬಹಳ ಬೇಕಾದ ಒಂದು ಅಂಕಿ ಇರುತ್ತದೆ. ಕರೆಂಟ್ ಹೋದ ಮೇಲೂ ಎಸ್‌ಎಂಪಿಎಸ್ ಎಷ್ಟು ಹೊತ್ತು ತಡೆದುಕೊಂಡು ನಿಲ್ಲುತ್ತದೆ ಅನ್ನುವುದು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ನಿಯಮ 16-17 ಮಿಲಿಸೆಕೆಂಡ್ ಕೇಳುತ್ತದೆ. ಮನೆಯ ಯುಪಿಎಸ್ ಕರೆಂಟ್ ಹೋದ ತಕ್ಷಣ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತಗೊಳ್ಳುತ್ತದೆ. ಅಷ್ಟು ಹೊತ್ತು ಕಂಪ್ಯೂಟರನ್ನು ನಡೆಸುವುದು ಒಳಗಿನ ದೊಡ್ಡ ಕೆಪಾಸಿಟರ್. ದುಡ್ಡು ಉಳಿಸಬೇಕು ಅನ್ನುವವರು ಮೊದಲು ಕೈ ಹಾಕುವುದು ಅದಕ್ಕೇ, ಯಾಕೆಂದರೆ ಅದು ದುಬಾರಿ. ಯುಪಿಎಸ್ ಇದ್ದರೂ ಕರೆಂಟ್ ಹೋದಾಗ ಕಂಪ್ಯೂಟರ್ ಆಫ್ ಆಗುತ್ತದೆ ಅಂತ ದೂರು ಬಂದರೆ ನಾನು ಯುಪಿಎಸ್ ಬ್ಯಾಟರಿ ಜೊತೆ ಎಸ್‌ಎಂಪಿಎಸ್ ಅನ್ನೂ ನೋಡುತ್ತೇನೆ.

ಕೈಯಲ್ಲಿ ಹಿಡಿದಾಗ ತೀರಾ ಹಗುರ ಅನ್ನಿಸಿದರೆ ಅನುಮಾನ ಪಡಿ. ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ವಿನ್ಯಾಸ, ಬಿಟ್ಟುಬಿಡಿ. ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು. ಹಸಿರು ವೈರನ್ನು ಕಪ್ಪು ವೈರಿಗೆ ಪಿನ್ನಿನಿಂದ ಜೋಡಿಸಿ ಫ್ಯಾನ್ ತಿರುಗಿಸಿ ತೋರಿಸಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಲೋಡ್ ಇಲ್ಲದೆ ಎಲ್ಲವೂ ಓಡುತ್ತದೆ.

ದಯವಿಟ್ಟು ಯಾವತ್ತೂ ಡಬ್ಬ ಬಿಚ್ಚಿ ನೋಡಬೇಡಿ. ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಜೀವಕ್ಕೇ ಅಪಾಯ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು ಅನ್ನಿಸಿತು. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ, ಮಾಲು ಸರಿಯಿಲ್ಲ ಅಂತ ವಾಪಸ್ ತರುವವರು ಬಹಳ. ಸಾಮಾನ್ಯವಾಗಿ ತಪ್ಪು ಅದರದ್ದಲ್ಲ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಏರುಪೇರಿನ ಗದ್ದಲ (ನಾಯ್ಸ್) ತಡೆಯುವ ಸಣ್ಣ ಕೆಪಾಸಿಟರುಗಳು ಲೋಹದ ಮೈಗೆ ಜೋಡಿಸಿರುತ್ತವೆ. ಅವುಗಳಿಂದ ಬರುವ ಚೂರು ಕರೆಂಟ್ ಅರ್ಥಿಂಗ್ ಮೂಲಕ ನೆಲಕ್ಕೆ ಇಳಿಯಬೇಕು. ಗೋಡೆಯ ಮೂರನೇ ತೂತಿನಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ ಅದು ನಿಮ್ಮ ಬೆರಳಿನಿಂದ ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಸರಿ ಇದ್ದೂ ಶಾಕ್ ಬಂದರೆ ಆಗ ಕೂಡಲೇ ಪ್ಲಗ್ ತೆಗೆದು ಎಸ್‌ಎಂಪಿಎಸ್ ಬದಲಾಯಿಸಿ.

ಈಗ ಅಂಗಡಿಯವರಿಗೆ ಹೀಗೆ ಹೇಳಿ: ಫ್ರೀ ಎಸ್‌ಎಂಪಿಎಸ್ ಬೇಡ, ಅದರ ಬೆಲೆ ಕಳೆದು ಕೊಡಿ. ಆ ದುಡ್ಡು ಸೇರಿಸಿ ಐದು ವರ್ಷ ವಾರಂಟಿ ಇರುವ, ವರದಿ ಸಿಗುವ 550 ವ್ಯಾಟಿನದ್ದೊಂದು ತಗೊಳ್ಳಿ. ಬೆಂಗಳೂರಿಗೆ ಹೋಗುವುದಿದ್ದರೆ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಕೇಳಿ, ಬಿಲ್ ಇಲ್ಲದೆ ಮಾತ್ರ ತರಬೇಡಿ. ಎರಡು ಮೂರು ಮಾಡೆಲ್ ಆರಿಸಿಕೊಂಡ ಮೇಲೆ ಲೇಬಲ್ಲಿನ ಫೋಟೋ ಇಲ್ಲಿ ಹಾಕಿ, 12 ವೋಲ್ಟಿನ ಅಂಕಿ ಚೆನ್ನಾಗಿ ಕಾಣುವಂತಿರಲಿ. ನೋಡಿ ಹೇಳುತ್ತೇನೆ.