ಕೈಹಿಡಿದು ಕಲಿಸಿದ ಹುಡುಗಿ ಪಕ್ಕದಲ್ಲೇ ಸೆಲೂನ್ ತೆರೆದಾಗ

ಈ ಪ್ರಕರಣವನ್ನು ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು, ಹೆಸರುಗಳನ್ನೂ ಗುರುತು ಹತ್ತಬಹುದಾದ ಕೌಟುಂಬಿಕ ವಿವರಗಳನ್ನೂ ಬದಲಾಯಿಸಿ ಬರೆದಿದ್ದೇನೆ. ಅವರನ್ನು ಇಲ್ಲಿ ಶಾಲಿನಿ ಎಂದೂ, ಅವರ ಅಂಗಡಿಯನ್ನು ಬಿಟ್ಟುಹೋದ ಯುವತಿಯನ್ನು ವನಿತಾ ಎಂದೂ ಕರೆದಿದ್ದೇನೆ.

ಶಾಲಿನಿಯವರು ಮಂಗಳೂರಿನ ಕಂಕನಾಡಿ ಆಸುಪಾಸಿನಲ್ಲಿ ನಾಲ್ಕು ಕುರ್ಚಿಗಳ ಹೆಂಗಸರ ಸೆಲೂನ್ ನಡೆಸುತ್ತಾರೆ. ವಯಸ್ಸು ನಲವತ್ತು ದಾಟಿದೆ. ಪತಿ ಗಲ್ಫ್‌ನಲ್ಲಿದ್ದಾರೆ, ಮನೆಯಲ್ಲಿ ಅತ್ತೆ ಮತ್ತು ಪಿಯುಸಿ ಓದುವ ಮಗ. 2025ರ ದಸರಾ ಮುಗಿದ ಮೇಲೆ, ನಿದ್ರೆ ಬಾರದಿರುವುದಕ್ಕೂ ಬಲ ಮಣಿಕಟ್ಟಿನ ನೋವಿಗೂ ಔಷಧ ಕೇಳಲು ಹೋಗಿದ್ದಾಗ, ಅವರ ಕುಟುಂಬ ವೈದ್ಯರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಬರೆದುಕೊಟ್ಟು ನಿದ್ರೆಯ ವಿಷಯಕ್ಕೆ ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಕಳುಹಿಸಿದ್ದರು.

ಮೊದಲ ಭೇಟಿಯಲ್ಲಿ ಅವರು ಮಾತು ಆರಂಭಿಸಿದ್ದು ಒಂದು ಅವಘಡದಿಂದ. ನವರಾತ್ರಿಗೆ ಮುಂಚಿನ ಗಡಿಬಿಡಿಯಲ್ಲಿ, ಹೊಸ ಗಿರಾಕಿಯೊಬ್ಬರಿಗೆ ಚರ್ಮದ ಪರೀಕ್ಷೆ ಮಾಡದೆ ಹೇರ್ ಡೈ ಹಚ್ಚಿದ್ದರು. ಮರುದಿನ ಆ ಮಹಿಳೆಯ ಹಣೆ ಕೆಂಪಾಗಿ, ಕಣ್ಣಿನ ರೆಪ್ಪೆಗಳು ಊದಿಕೊಂಡಿದ್ದವು. ಕಪ್ಪು ಬಣ್ಣದ ಬಹುತೇಕ ಡೈಗಳಲ್ಲಿರುವ ಪ್ಯಾರಾಫೀನಿಲೀನ್‌ಡೈಅಮೈನ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡುವುದು ಈ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು. ಹದಿನಾಲ್ಕು ವರ್ಷ ಈ ನಿಯಮವನ್ನು ಕೆಲಸದ ಹುಡುಗಿಯರಿಗೆ ಗದರಿ ಗದರಿ ಕಲಿಸಿದವರು ತಾವೇ ಅದನ್ನು ಮರೆತಿದ್ದರು. ಗಿರಾಕಿ ಚೇತರಿಸಿಕೊಂಡರು, ದೂರನ್ನೂ ಕೊಡಲಿಲ್ಲ. ಆದರೆ ಶಾಲಿನಿಯವರಿಗೆ ಅಂದಿನಿಂದ ತಮ್ಮ ಕೈಯ ಮೇಲೆಯೇ ನಂಬಿಕೆ ಹೋಗಿತ್ತು. "ವನಿತಾ ಇದ್ದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಮೇಡಂ" ಎಂದರು. ಆ ಹೆಸರು ಬಂದದ್ದು ಅಲ್ಲಿ.

ವನಿತಾ ಬೆಳ್ತಂಗಡಿ ಕಡೆಯ ಹುಡುಗಿ. ಪಿಯುಸಿಯಲ್ಲಿ ಅನುತ್ತೀರ್ಣಳಾಗಿ ಮನೆಯಲ್ಲಿ ಕುಳಿತಿದ್ದವಳನ್ನು ಪರಿಚಯದವರು ಕರೆತಂದು ಬಿಟ್ಟಿದ್ದರು. ಮೊದಲು ನೆಲದ ಮೇಲಿನ ಕೂದಲು ಗುಡಿಸುವುದು, ಟವಲ್ ಒಗೆಯುವುದು, ಆಮೇಲೆ ಥ್ರೆಡ್ಡಿಂಗ್, ಆಮೇಲೆ ಕತ್ತರಿ, ಕೊನೆಗೆ ಮದುಮಗಳ ಅಲಂಕಾರ, ಹೀಗೆ ಎಂಟು ವರ್ಷಗಳಲ್ಲಿ ಆಕೆ ಆ ಅಂಗಡಿಯ ಎರಡನೆಯ ಯಜಮಾನಿಯಂತಾಗಿದ್ದಳು. ಆಕೆಯ ತಾಯಿ ಆಸ್ಪತ್ರೆ ಸೇರಿದಾಗ ಬಿಲ್ಲು ಕಟ್ಟಿದವರು ಶಾಲಿನಿ. ಮದುವೆಗೆ ಉಂಗುರ ಹಾಕಿದವರೂ ಅವರೇ. 2025ರ ಜೂನ್ ಕೊನೆಯಲ್ಲಿ ವನಿತಾ "ಇನ್ನು ಬರುವುದಿಲ್ಲ ಶಾಲಿನಿಯಕ್ಕ" ಎಂದು ವಾಟ್ಸಾಪ್ ಸಂದೇಶ ಕಳುಹಿಸಿ, ಎರಡೇ ವಾರದಲ್ಲಿ ಗಂಡನ ಜೊತೆ ಸೇರಿ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕುರ್ಚಿಗಳ ಸೆಲೂನ್ ತೆರೆದಳು. ಕಾಯಂ ಗಿರಾಕಿಗಳಲ್ಲಿ ಹಲವರು ಅಲ್ಲಿಗೆ ಹೋದರು. ಮುಂಗಡ ಕೊಟ್ಟಿದ್ದ ಮದುಮಗಳೊಬ್ಬಳ ತಾಯಿ ಫೋನ್ ಮಾಡಿ, ಬೇಸರ ಮಾಡಿಕೊಳ್ಳಬೇಡಿ, ಮಗಳಿಗೆ ವನಿತಾಳ ಕೈಯೇ ಬೇಕಂತೆ ಎಂದು ಹಣ ವಾಪಸು ಕೇಳಿದರು.

ಅದು ನಡೆದ ಕಾಲವೂ ಕೆಟ್ಟದ್ದಾಗಿತ್ತು. ಕರಾವಳಿಯಲ್ಲಿ ಈ ವ್ಯಾಪಾರದ ಏರಿಳಿತ ಮದುವೆಗಳ ಪಂಚಾಂಗವನ್ನೇ ಹಿಡಿದು ಸಾಗುತ್ತದೆ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಿಲ್ಲಲು ಪುರುಸೊತ್ತಿಲ್ಲ, ಕ್ರಿಸ್ಮಸ್ ಕಳೆದ ಮೇಲೆ ಕ್ರೈಸ್ತರ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಮತ್ತು ಮದುವೆಗಳ ಸಾಲು, ಮದುವೆಗಳು ನಡೆಯದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ನಡುವೆ ಬರುವ ತುಳು ತಿಂಗಳು) ಮಾತ್ರ ಕುರ್ಚಿಗಳು ಖಾಲಿ. ಆ ಖಾಲಿ ತಿಂಗಳಲ್ಲಿಯೂ ಬಾಡಿಗೆ, ಸಂಬಳ, ಮೆಸ್ಕಾಂ ಬಿಲ್ಲು ನಿಲ್ಲುವುದಿಲ್ಲ. ಜುಲೈ ಮಳೆಯಲ್ಲಿ ಎರಡು ದಿನ ಹರಡಿದರೂ ಟವಲ್ ಒಣಗದೆ ಮುಗ್ಗಲು ವಾಸನೆ ಬರುವುದರಿಂದ, ಶಾಲಿನಿಯವರು ಅವನ್ನು ಮನೆಗೆ ಒಯ್ದು, ರಾತ್ರಿ ಊಟವಾದ ಮೇಲೆ ಒಂದೊಂದನ್ನೇ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒಣಗಿಸುತ್ತಿದ್ದರು. ಇಸ್ತ್ರಿ ಮುಗಿಯುವಾಗ ಹನ್ನೊಂದು ಗಂಟೆ. ಅನಂತರ ಹಾಸಿಗೆಯಲ್ಲಿ ಮಲಗಿ ವನಿತಾಳ ಸೆಲೂನಿನ ಇನ್‌ಸ್ಟಾಗ್ರಾಂ ಪುಟ ತೆರೆದು, ಅಂದು ಹಾಕಿದ ಚಿತ್ರಗಳಲ್ಲಿ ಬೆನ್ನು ತೋರಿಸಿ ಕುಳಿತ ಹೆಂಗಸರನ್ನು ಕೂದಲಿನಿಂದಲೇ ಗುರುತು ಹಿಡಿಯುತ್ತಿದ್ದರು. ಅಷ್ಟು ವರ್ಷ ಕೈಯಾಡಿಸಿದ ತಲೆಗಳು; ಗುರುತು ಸಿಗದೆ ಇರುವುದೇ ಇಲ್ಲ.

ಮೊದಲ ಭೇಟಿಯಲ್ಲಿಯೇ, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ, ಆದರೆ ಅಂಗಡಿಗೆ ಬೀಗ ಹಾಕಿ ಎಲ್ಲಿಯಾದರೂ ಹೋಗಿಬಿಡೋಣ ಎನಿಸುತ್ತದೆ ಎಂದರು. ರಾತ್ರಿ ತಡೆಯಲಾರದಷ್ಟು ಕಷ್ಟವಾದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಪತಿ ಪ್ರತಿದಿನ ಫೋನಿನಲ್ಲಿ "ಅಷ್ಟು ಕಷ್ಟವಾದರೆ ಮುಚ್ಚಿಬಿಡು ಮಾರಾಯ್ತಿ, ನಾನು ಕಳುಹಿಸುವುದು ಸಾಲದಾ?" ಎನ್ನುತ್ತಿದ್ದರು. ಪ್ರೀತಿಯಿಂದ ಆಡಿದ ಆ ಮಾತು ವನಿತಾಳ ಸಂದೇಶಕ್ಕಿಂತ ಆಳವಾಗಿ ಚುಚ್ಚಿತ್ತು ಎಂಬುದು ತಿಳಿದದ್ದು ಮುಂದಿನ ಭೇಟಿಗಳಲ್ಲಿ.

ಅವರ ಭಯಗಳಲ್ಲಿ ಕೆಲವು ಸಂಖ್ಯೆ ತಿಳಿದರೆ ತೀರುವಂಥವು, ಕೆಲವು ತೀರದಂಥವು. ಮೊದಲಿನವನ್ನು ಬೇಗ ಮುಗಿಸಿಬಿಡುವುದು ನನ್ನ ರೂಢಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದ ಸುದ್ದಿ ಕೇಳಿ, ಅವರು ಕೌಂಟರಿನ ಮೇಲಿದ್ದ ಕ್ಯೂಆರ್ ಕೋಡ್ ತೆಗೆದುಹಾಕಿದ್ದರು. ಚಿಲ್ಲರೆ ಇಲ್ಲದ ಗಿರಾಕಿಗಳು ಗೊಣಗತೊಡಗಿದ್ದರು. ಲೆಕ್ಕಪರಿಶೋಧಕರೊಬ್ಬರನ್ನು ಕಂಡುಬನ್ನಿ ಎಂದೆ. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಾಗ, ಅವರದು ಅಷ್ಟಿರಲಿಲ್ಲ. ಮುಂದೆ ಮೀರಿದರೂ, 2025ರ ಸೆಪ್ಟೆಂಬರ್ 22ರಿಂದ ಸೆಲೂನ್ ಸೇವೆಗಳ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಸೌಲಭ್ಯ ಮಾತ್ರ ಇಲ್ಲ ಎಂದು ಅವರಿಗೆ ತಿಳಿಯಿತು. ಮೂರು ತಿಂಗಳು ಎದೆಯ ಮೇಲೆ ಕುಳಿತಿದ್ದ ಭಾರ ಅರ್ಧ ಗಂಟೆಯಲ್ಲಿ ಇಳಿಯಿತು. ಕ್ಯೂಆರ್ ಕೋಡ್ ಮತ್ತೆ ಕೌಂಟರಿಗೆ ಬಂತು.

ಎರಡನೆಯ ಪ್ರಶ್ನೆ, ವನಿತಾಳನ್ನು ಕಾನೂನಿನ ಮೂಲಕ ತಡೆಯಬಹುದೇ ಎಂಬುದು. ವಕೀಲರ ಬಳಿ ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹೋಗಿ ಕೇಳಿಯೇ ಬನ್ನಿ ಎಂದೆ, ಏಕೆಂದರೆ ಮುಚ್ಚಿದ ಬಾಗಿಲನ್ನು ತಾವೇ ತಳ್ಳಿ ನೋಡುವ ತನಕ ಮನಸ್ಸು ಅಲ್ಲಿಂದ ಕದಲುವುದಿಲ್ಲ. ವಕೀಲರು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮನ್ನು ವಿವರಿಸಿದರಂತೆ: ಒಬ್ಬರು ನ್ಯಾಯಬದ್ಧವಾದ ವೃತ್ತಿ ಅಥವಾ ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕಾಗದ ಬರೆಸಿಕೊಂಡಿದ್ದರೂ ಕೆಲಸ ಬಿಟ್ಟವಳು ಸೆಲೂನ್ ತೆರೆಯುವುದನ್ನು ತಡೆಯಲು ಅದು ಪ್ರಯೋಜನಕ್ಕೆ ಬರುತ್ತಿರಲಿಲ್ಲ, ಇವರ ಬಳಿಯಂತೂ ಕಾಗದವೇ ಇರಲಿಲ್ಲ.

ಇನ್ನು ತೀರದ ಭಯದ ವಿಷಯ. "ನಾನು ಅವಳಿಗೆ ಎಂತ ಕಮ್ಮಿ ಮಾಡಿದ್ದೇನೆ ಮೇಡಂ? ಮನೆಯ ಮಗುವಿನ ಹಾಗೆ ನೋಡಿಕೊಂಡೆ" ಎಂಬ ಮಾತು ಪ್ರತಿ ಭೇಟಿಯಲ್ಲೂ ಬರುತ್ತಿತ್ತು. ಒಂದು ದಿನ, ಅಂಗಡಿಯ ಲೆಕ್ಕದ ಪುಸ್ತಕಗಳನ್ನು ತನ್ನಿ ಎಂದು ಕೇಳಿಕೊಂಡೆ. ಆಪ್ತಸಲಹೆಯ ಕೋಣೆಯಲ್ಲಿ ಲೆಕ್ಕದ ಪುಸ್ತಕಕ್ಕೇನು ಕೆಲಸ ಎಂದು ಅವರಿಗೆ ಅನಿಸಿರಬೇಕು, ಆದರೂ ತಂದರು. ಇಬ್ಬರೂ ಕುಳಿತು ಪುಟ ತಿರುವಿದೆವು. ಆಸ್ಪತ್ರೆಯ ಹಣ, ಉಂಗುರ, ದೀಪಾವಳಿಯ ಸೀರೆ ಎಲ್ಲವೂ ಅಲ್ಲಿದ್ದವು. ಜೊತೆಗೆ, ವನಿತಾಳ ಸಂಬಳ ಮೂರು ವರ್ಷಗಳಿಂದ ಒಂದೇ ಅಂಕಿಯಲ್ಲಿ ನಿಂತಿದ್ದೂ, ಅದೇ ಮೂರು ವರ್ಷಗಳಲ್ಲಿ ಮದುಮಗಳ ಅಲಂಕಾರದ ಬಹುಪಾಲು ಆಕೆಯ ಹೆಸರಿನ ಮುಂದೆಯೇ ಬರೆದಿದ್ದೂ ಕಾಣಿಸಿತು. ಕಮಿಷನ್ ಕೇಳಿದ್ದಳೇ ಎಂದು ಕೇಳಿದೆ. ಎರಡು ಸಲ ಕೇಳಿದ್ದಳಂತೆ. ಏನೆಂದಿರಿ? "ನೋಡುವಾ ಎಂದೆ." ಅಷ್ಟು ಹೇಳಿ ಅವರು ಬಹಳ ಹೊತ್ತು ಪುಸ್ತಕ ನೋಡುತ್ತ ಕುಳಿತರು.

ಶಾಲಿನಿಯವರು ಕೆಲಸದವರನ್ನು ಹಿಂಡುವ ಯಜಮಾನಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆಯ ಬೇಕರಿ, ಜವಳಿ ಅಂಗಡಿ, ಪಾರ್ಲರುಗಳಲ್ಲಿ ಮನೆಯವರಂತೆ ನೋಡಿಕೊಳ್ಳುವ ಈ ಪದ್ಧತಿ ಕೇವಲ ಬಾಯಿಮಾತಲ್ಲ. ಆಪತ್ತಿನಲ್ಲಿ ಬಿಲ್ಲು ಕಟ್ಟುವ ಧಣಿಗಳನ್ನು ನಾನು ಬಹಳ ಕಂಡಿದ್ದೇನೆ. ತೊಡಕು ಇರುವುದು ಬೇರೆಡೆ. ಮನೆಯವಳು ಎಂದಮೇಲೆ ಸಂಬಳ ಕೇಳಲು ಹುಡುಗಿಗೆ ಮುಜುಗರ, ಕೇಳಿದರೆ ಯಜಮಾನಿಗೆ ನೋವು. ಉಪಕಾರ ಯಾವಾಗ, ಎಷ್ಟು ಎಂಬುದನ್ನು ಕೊಡುವವರೇ ತೀರ್ಮಾನಿಸುತ್ತಾರೆ. ಕೂಲಿಯನ್ನು ಹಾಗೆ ತೀರ್ಮಾನಿಸಲಾಗದು. ಹೀಗಾಗಿ ಹೋಗುವ ಹುಡುಗಿ ರಾಜೀನಾಮೆ ಕೊಟ್ಟು ಹೋಗಲಾರಳು, ಮನೆ ಬಿಟ್ಟು ಓಡಿದಂತೆ ಸಂದೇಶ ಕಳುಹಿಸಿ ಹೋಗುತ್ತಾಳೆ. ವನಿತಾ ಹೋದ ರೀತಿ ಸರಿಯಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಅದನ್ನು ಶಾಲಿನಿಯವರಿಗೂ ಹೇಳಿದೆ. ಆದರೆ ಹೋದದ್ದು ದ್ರೋಹ ಎಂಬುದನ್ನು ಒಪ್ಪಲಿಲ್ಲ.

ಇದರಿಂದ ಅವರಿಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾದೀತು. ಮುಂದಿನ ಭೇಟಿಗೆ ಅವರು ಬರಲೇ ಇಲ್ಲ. ಅದರ ಮುಂದಿನದಕ್ಕೆ ಬಂದಾಗ ಒಂದು ಹೊಸ ಯೋಜನೆಯೊಂದಿಗೆ ಬಂದರು: ಹೇರ್‌ಕಟ್ ಮತ್ತು ಸ್ಮೂದನಿಂಗ್ ದರವನ್ನು ಅರ್ಧಕ್ಕೆ ಇಳಿಸಿ ವನಿತಾಳಿಗೆ ಬುದ್ಧಿ ಕಲಿಸುವುದು. ನಾನು ಸಾಮಾನ್ಯವಾಗಿ ವ್ಯಾಪಾರದ ಬಗ್ಗೆ ಮಾತಾಡುವುದಿಲ್ಲ, ಆದರೆ ಇದು ಸಿಟ್ಟು ವ್ಯಾಪಾರದ ವೇಷ ಹಾಕಿಕೊಂಡು ಬಂದದ್ದೆಂದು ಅನಿಸಿದ್ದರಿಂದ ಸ್ಪಷ್ಟವಾಗಿ ಬೇಡವೆಂದೆ. ದರ ಅರ್ಧವಾದರೆ ಕ್ರೀಮಿನ ಬೆಲೆಯೂ ಬಾಡಿಗೆಯೂ ಅರ್ಧವಾಗುವುದಿಲ್ಲ. ನೋಯುವ ಮಣಿಕಟ್ಟಿನಲ್ಲಿ ಎರಡು ಪಟ್ಟು ಕೆಲಸ ಮಾಡಬೇಕಾಗುತ್ತದೆ. ಅಗ್ಗಕ್ಕೆ ಬಂದವರು ಇನ್ನೂ ಅಗ್ಗ ಸಿಕ್ಕಲ್ಲಿಗೆ ಹೋಗುತ್ತಾರೆ.

ಬದಲಿಗೆ ಅವರ ಮುಂದಿಟ್ಟ ಸಲಹೆಗಳು ಸಣ್ಣವು. ರಾತ್ರಿ ಹತ್ತರ ನಂತರ ಫೋನ್ ಅಡುಗೆಮನೆಯ ಕಪಾಟಿನಲ್ಲಿರಬೇಕು. ವನಿತಾಳ ಪುಟವನ್ನು ನೋಡಲೇಬೇಕೆನಿಸಿದರೆ ಹಗಲು ಅಂಗಡಿಯಲ್ಲಿ, ನಿಂತುಕೊಂಡು ನೋಡಬೇಕು. ಮಂಗಳವಾರದ ರಜೆ ಅವರಿಗೆ ಬ್ಯಾಂಕು, ಸಾಮಾನು ಖರೀದಿ, ಟವಲ್ ಒಗೆತದ ದಿನವಾಗಿಬಿಟ್ಟಿತ್ತು; ಒಗೆತವನ್ನು ಲಾಂಡ್ರಿಗೆ ಕೊಟ್ಟು ಅರ್ಧ ದಿನವನ್ನಾದರೂ ಬಿಡಿಸಿಕೊಳ್ಳಬೇಕು. ಡೈ ಹಚ್ಚುವ ಮೊದಲು ಪರೀಕ್ಷೆಯ ದಿನಾಂಕವನ್ನು ಪುಸ್ತಕದಲ್ಲಿ ಬರೆದೇ ಬಟ್ಟಲಿಗೆ ಕೈಹಾಕಬೇಕು, ಏಕೆಂದರೆ ನಿದ್ರೆಗೆಟ್ಟವರ ನೆನಪನ್ನು ನಂಬಲಾಗದು. ಪತಿಯೊಂದಿಗೆ, ಶಾಲಿನಿಯವರ ಒಪ್ಪಿಗೆಯಿಂದ, ವೀಡಿಯೊ ಕರೆಯಲ್ಲಿ ಒಮ್ಮೆ ಮಾತಾಡಿದೆ. ಅಂಗಡಿ ಮುಚ್ಚು ಎಂದಾಗ ತಮ್ಮ ಹೆಂಡತಿಗೆ ಕೇಳಿಸುವುದು ನಿನ್ನ ಹದಿನಾಲ್ಕು ವರ್ಷ ಲೆಕ್ಕಕ್ಕಿಲ್ಲ ಎಂಬುದಾಗಿ ಎಂದು ತಿಳಿದಾಗ ಅವರು ನಿಜಕ್ಕೂ ಆಶ್ಚರ್ಯಪಟ್ಟರು.

ಹೆಚ್ಚು ಸಮಯ ಹಿಡಿದದ್ದು ಒಂದು ವಾಕ್ಯ. ಗಿರಾಕಿಗಳು ಕುರ್ಚಿಯಲ್ಲಿ ಕುಳಿತೊಡನೆ "ವನಿತಾ ಎಲ್ಲಿ?" ಎಂದು ಕೇಳುತ್ತಿದ್ದರು, ಇವರು ಪ್ರತಿ ಸಲವೂ ಉತ್ತರಿಸಲಾಗದೆ ಒಳಗಿನ ಕೋಣೆಗೆ ಹೋಗುತ್ತಿದ್ದರು. ದಿನವಿಡೀ ಇತರರ ಸೊಸೆ, ಸಾಲ, ಆಸ್ಪತ್ರೆಯ ಕಥೆಗಳನ್ನು ಬೆನ್ನ ಹಿಂದೆ ನಿಂತು ಕೇಳುವ ವೃತ್ತಿ ಇದು. ಕನ್ನಡಿಯಲ್ಲಿ ತಮ್ಮ ಮುಖ ಗಿರಾಕಿಗೆ ಕಾಣುತ್ತಿರುತ್ತದೆ, ಆದ್ದರಿಂದ ಅಳುವಂತೆಯೂ ಇಲ್ಲ. ಉತ್ತರವನ್ನು ನಾವು ಮೊದಲೇ ಸಿದ್ಧಪಡಿಸಿದೆವು: "ಅವಳು ಸ್ವಂತ ಅಂಗಡಿ ಮಾಡಿದ್ದಾಳೆ, ಚೆನ್ನಾಗಿ ಮಾಡುತ್ತಾಳೆ. ಇವತ್ತು ನಾನು ಮಾಡಿಕೊಡುತ್ತೇನೆ, ಆಗಬಹುದಾ?" ನಾನು ಗಿರಾಕಿಯಾಗಿ ಅವರಿಗೆ ಬೆನ್ನು ಹಾಕಿ ಕುಳಿತೆ, ಅವರು ಹಿಂದೆ ನಿಂತರು. "ಸ್ವಂತ ಅಂಗಡಿ" ಎಂಬಲ್ಲಿಗೆ ದನಿ ನಿಂತಿತು. ತಿರುಗಿ ನೋಡಿದರೆ ಅವರ ಎಡಗೈಯ ತೋರುಬೆರಳು ಮತ್ತು ನಡುಬೆರಳು, ಕತ್ತರಿಸುವ ಮೊದಲು ಕೂದಲೆಳೆಯನ್ನು ಹಿಡಿಯುವಂತೆ, ಗಾಳಿಯಲ್ಲಿ ಬಿಗಿಯಾಗಿ ಕೂಡಿಕೊಂಡಿದ್ದವು. "ಚೆನ್ನಾಗಿ ಮಾಡುತ್ತಾಳೆ" ಎಂಬುದನ್ನು ತೆಗೆದುಹಾಕೋಣವೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಬೇಡ, ಅದು ಸತ್ಯವೇ ಅಲ್ಲವಾ, ಕಲಿಸಿದವಳು ನಾನೇ ಎಂದರು. ಆ ಬಳಿಕ ವಾಕ್ಯ ಪೂರ್ತಿಯಾಗಿ ಬಂತು.

ವನಿತಾಳನ್ನು ಹೋಗಿ ಕಾಣಬೇಕೇ ಎಂಬುದಕ್ಕೆ, ಕ್ಷಮೆ ಕೇಳಿಸಿಕೊಳ್ಳುವ ಆಸೆ ಇರುವವರೆಗೆ ಬೇಡ ಎಂದೆ. ಅವರು ಈವರೆಗೂ ಹೋಗಿಲ್ಲ, ಹೋಗುವರೆಂಬ ಭರವಸೆಯೂ ನನಗಿಲ್ಲ. ಉಳಿದ ಇಬ್ಬರು ಹುಡುಗಿಯರ ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ: ಸಂಬಳದ ದಿನಾಂಕ, ಯಾವ ಕೆಲಸಕ್ಕೆ ಎಷ್ಟು ಕಮಿಷನ್, ಮುಂಗಡ ಕೊಟ್ಟರೆ ತಿಂಗಳಿಗೆ ಎಷ್ಟು ಕಡಿತ, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಇವೆಲ್ಲ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರಬೇಕು, ಎರಡೂ ಕಡೆಯ ಸಹಿ ಬೀಳಬೇಕು. ವಾರದ ರಜೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಅವರ ಹಕ್ಕು, ಅದನ್ನು ಉಪಕಾರದ ಪಟ್ಟಿಯಲ್ಲಿ ಸೇರಿಸುವಂತಿಲ್ಲ. ಆಪತ್ತಿಗೆ ಕೊಡುವುದನ್ನು ಬಿಡಬೇಕಾಗಿಲ್ಲ. ಅದು ಸಂಬಳದ ಮೇಲೆ ಇರಲಿ, ಸಂಬಳದ ಬದಲಿಗೆ ಬೇಡ.

ಜನವರಿಯ ಭೇಟಿಯ ಹೊತ್ತಿಗೆ ಅವರು ಹೆಚ್ಚಿನ ರಾತ್ರಿಗಳಲ್ಲಿ ಐದಾರು ಗಂಟೆ ನಿದ್ರಿಸುತ್ತಿದ್ದರು. ಕ್ರಿಸ್ಮಸ್ ನಂತರದ ಮದುವೆಗಳಲ್ಲಿ ಹಿಂದಿನ ವರ್ಷದಷ್ಟು ಕೆಲಸ ಬಂದಿರಲಿಲ್ಲ, ಆದರೆ ಬಾಡಿಗೆ ಬಾಕಿ ಉಳಿದಿರಲಿಲ್ಲ. ಮಣಿಕಟ್ಟಿನ ನೋವು ಹಾಗೆಯೇ ಇದ್ದುದರಿಂದ ಮೂಳೆ ತಜ್ಞರ ಬಳಿಗೆ ಕಳುಹಿಸಿದೆ. ಇಬ್ಬರಲ್ಲಿ ಕಿರಿಯ ಹುಡುಗಿ, ರೋಸ್ ದಿನದ ಕೂದಲಿನ ಅಲಂಕಾರಕ್ಕೆ ಹಾಳೆಯಲ್ಲಿ ಬರೆದ ಕಮಿಷನ್ ಸಾಲದು ಎಂದು ಎಲ್ಲರೆದುರೇ ಕೇಳಿದ್ದಳಂತೆ. ಶಾಲಿನಿಯವರಿಗೆ ಸಿಟ್ಟು ಬಂದಿತ್ತು, ನನ್ನ ಮುಂದೆಯೂ ಇನ್ನೂ ಸ್ವಲ್ಪ ಉಳಿದಿತ್ತು. ಚೌಕಾಸಿ ಮಾಡಿ, ಅವಳು ಕೇಳಿದ್ದಕ್ಕಿಂತ ಕಡಿಮೆಗೆ, ತಾವು ಕೊಡಬೇಕೆಂದಿದ್ದಕ್ಕಿಂತ ಹೆಚ್ಚಿಗೆ ಒಪ್ಪಿ, ಅಂದೇ ಹಾಳೆಯನ್ನು ತಿದ್ದಿ ಸಹಿ ಹಾಕಿಸಿದ್ದರು. ಮುಂದಿನ ಭೇಟಿಯನ್ನು ಮೇ ತಿಂಗಳ ಮದುವೆಗಳು ಮುಗಿದ ಮೇಲೆ, ಒಂದು ಮಂಗಳವಾರಕ್ಕೆ ಇಟ್ಟುಕೊಂಡಿದ್ದೇವೆ.